ಕೋವಿ ಠಾಣೆಯಲ್ಲಿ, ಹಂದಿ ತೋಟದಲ್ಲಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಶಿರಸಿ ಸೀಮೆಯ ಅಡಿಕೆ ಬೆಳೆಗಾರ. ಅಪ್ಪನ ಕಾಲದಿಂದ ಮನೆಯಲ್ಲೊಂದು ಕೇಪಿನ ಕೋವಿ ಇದೆ. ಬೆಳೆ ರಕ್ಷಣೆಯ ಪರವಾನಗಿಯೂ ಇದೆ. ಇಷ್ಟು ವರ್ಷದಲ್ಲಿ ಅದರಿಂದ ಯಾರಿಗೂ ಒಂದು ಗೀರು ಆಗಿಲ್ಲ. ಆದರೂ ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಯಿಂದ ಫೋನ್ ಬರುತ್ತದೆ: ಕೋವಿ ತಂದು ಠೇವಣಿ ಇಡಿ.

2024ರ ಲೋಕಸಭೆ ಚುನಾವಣೆ ಘೋಷಣೆಯಾಗಿದ್ದು ಮಾರ್ಚ್ 16ಕ್ಕೆ. ನಮ್ಮಲ್ಲಿ ಮತದಾನ ಮೇ 7, ಫಲಿತಾಂಶ ಜೂನ್ 4. ಅಷ್ಟೂ ದಿನ ನಮ್ಮ ತೋಟ ಹಂದಿ, ಮಂಗಗಳ ಪಾಲು. ಏಪ್ರಿಲ್‌ನ ಒಂದು ರಾತ್ರಿ ನಾನೂ ಹೆಂಡತಿಯೂ ಡಬ್ಬಿ ಬಡಿದು ಬಡಿದು ಸೋತೆವು. ಹಂದಿಗಳು ಕದಲಲಿಲ್ಲ. ಬೆಳಿಗ್ಗೆ ಎಣಿಸಿದರೆ 32 ಬಾಳೆ ನೆಲಕ್ಕೆ. ಗಡ್ಡೆ ಸೀಳಿ, ಅಗಿದು ಉಗಿದ ಬಿಳಿ ನಾರು ಮಣ್ಣಲ್ಲಿ ಬಿದ್ದಿತ್ತು. ಅವಳು ಕಾಲುವೆ ದಂಡೆಯಲ್ಲಿ ಕೂತವಳು ಏಳಲೇ ಇಲ್ಲ. ಆಕಾಶಕ್ಕೆ ಒಂದು ಈಡು ಹಾರಿಸಿದ್ದರೆ ಸಾಕಿತ್ತು. ಕೊಲ್ಲುವ ಆಸೆ ನನಗಿಲ್ಲ.

ಫಲಿತಾಂಶ ಬಂದ ಮೇಲೆ ಕೋವಿಗಾಗಿ ಮೂರು ಸಲ ಬಸ್ಸು ಹತ್ತಿದೆ. "ಸಾಹೇಬ್ರಿಲ್ಲ, ನಾಳೆ ಬನ್ನಿ." ಕೊನೆಗೆ ಕೈಗೆ ಬಂದಾಗ ನಳಿಗೆಯೊಳಗೆ ಬೆರಳಿಟ್ಟರೆ ಕೆಂಪು ತುಕ್ಕು. ಹಿಡಿಕೆ ಸೀಳಿತ್ತು. ಕೇಳಿದರೆ, "ಮಳೆಗಾಲ ಅಲ್ವಾ" ಎಂದರು. ನನಗೆ ಅಳು ಬಂತು ಸ್ವಾಮಿ. ಅದು ಅಪ್ಪ ಎಣ್ಣೆ ಹಚ್ಚಿ ಒರೆಸುತ್ತಿದ್ದ ಕೋವಿ.

ನಿಯಮ ನಿಮಗೆ ಗೊತ್ತೇ ಇದೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಾಟೆ ಮಾಡಿದವರು ಯಾರೆಂದು ನೋಡಿ ತೀರ್ಮಾನಿಸಲು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕೆಂದು ಚುನಾವಣಾ ಆಯೋಗವೇ ಹೇಳಿದೆ. ಹಾಗಾದರೆ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಯಾಕೆ? ನನ್ನ ಹೆಸರನ್ನು ಯಾರಾದರೂ ಒಮ್ಮೆ ಓದಿ ನೋಡಿದ್ದಾರಾ? ಕೊಡಗಿನಲ್ಲಿ ಕೊಡವರಿಗೆ ಪರವಾನಗಿಯೇ ಬೇಡ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ನಾನು ಅಷ್ಟೆಲ್ಲ ಕೇಳುತ್ತಿಲ್ಲ. ಪರವಾನಗಿ ಇರಲಿ, ತಪಾಸಣೆ ಇರಲಿ. ಸುಮ್ನೆ ಕಸಿದುಕೊಳ್ಳಬೇಡಿ.

ಕೋವಿಯಿಂದ ಜೀವ ಹೋಗುತ್ತದೆ, ಆ ಭಯ ನನಗೂ ಇದೆ. ಪರವಾನಗಿ ಇಲ್ಲದ ನಾಡಕೋವಿ ಹಿಡಿದು ಶಿಕಾರಿಗೆ ಹೋಗುವವರನ್ನು ಹಿಡಿಯಿರಿ, ನಿಮ್ಮ ಜೊತೆ ನಾನಿದ್ದೇನೆ. ಆದರೆ ಅವರಲ್ಲಿ ಒಬ್ಬನೂ ಕೋವಿ ಇಡಲು ಹೋದ ದಿನ ಠಾಣೆಯ ಸಾಲಿನಲ್ಲಿರಲಿಲ್ಲ. ಇದ್ದವರಲ್ಲಿ ಗೋಣಿಯಲ್ಲಿ ಕೋವಿ ಸುತ್ತಿಕೊಂಡು ಬಂದ ನನ್ನಂಥ ಮುದುಕರೇ ಜಾಸ್ತಿ.

ನಿಮ್ಮನ್ನು ಕೇಳುವುದು ಇಷ್ಟೇ. ಮುಂದಿನ ಚುನಾವಣೆ ಘೋಷಣೆಗೆ ಮೊದಲೇ ಜಿಲ್ಲಾಡಳಿತದ ಜೊತೆ ಕೂತು ಮಾತಾಡಿ. ಒಬ್ಬೊಬ್ಬರ ಹೆಸರು ನೋಡಿ ತೀರ್ಮಾನಿಸಲಿ. ಬೆಳೆ ರಕ್ಷಣೆಯ ಕೋವಿ ತೋಟದಲ್ಲೇ ಇರಲಿ. ಇಟ್ಟುಕೊಳ್ಳಲೇಬೇಕು ಅಂದರೆ ಫಲಿತಾಂಶ ಬಂದ ಒಂದೇ ವಾರದಲ್ಲಿ, ಕೊಟ್ಟ ಹಾಗೇ ವಾಪಸ್ ಕೊಡಲಿ.

ಇಂತಿ,
ಶಿರಸಿ ಸೀಮೆಯ ಒಬ್ಬ ಬೆಳೆಗಾರ