ಮೊದಲ ಮಾತು 'ನೀವು' ಅಂತ ಇರಲಿ

ಸಂಪಾದಕರಿಗೆ ನಮಸ್ಕಾರ,

ಪೊಲೀಸ್ರಿಗೂ ಜನಕ್ಕೂ ರೋಡಲ್ಲಿ ಜಗಳ ಆಗೋ ವಿಡಿಯೋ ಬಂದಾಗೆಲ್ಲ ಅರ್ಧ ಜನ ಪೊಲೀಸ್ರನ್ನ ಬೈತಾರೆ, ಇನ್ನರ್ಧ ಜನ ಎದುರಿಗಿದ್ದೋನನ್ನ ಬೈತಾರೆ, ಆದ್ರೆ ಮೊಬೈಲ್ ಆನ್ ಆಗೋಕೆ ಮುಂಚೆ ಅರ್ಧ ನಿಮಿಷ ಏನಾಯ್ತು ಅಂತ ಯಾರೂ ಕೇಳಲ್ಲ. ಕೆಡೋದು ಅಲ್ಲೇ.

ಹೋದ ವರ್ಷ ಒಂದು ರಾತ್ರಿ ನನ್ನ ಗಾಡಿ ನಿಲ್ಲಿಸಿದ್ರು. "ಏಯ್, ಇಳಿಯೋ ಕೆಳಗೆ" ಅಂದ್ರು. ನನಗೆ ಐವತ್ತು ದಾಟಿದೆ, ಕೋಪ ನೆತ್ತಿಗೇರ್ತು, ಸರಿಯಾಗಿ ಮಾತಾಡಿ ಅಂತ ಜೋರಾಗಿ ಹೇಳ್ತಾ ಲೈಸೆನ್ಸ್ ತೆಗೆಯೋಕೆ ಜೇಬಿಗೆ ಕೈ ಹಾಕಿದ್ದೇ ತಡ ಆತ ಒಂದು ಹೆಜ್ಜೆ ಹಿಂದೆ ಸರಿದು ಲಾಠಿ ಎತ್ತಿಬಿಟ್ರು. ಟಾರ್ಚ್ ಬೆಳಕಲ್ಲಿ ಅವರ ಮುಖ ನೋಡಿದೆ, ಅಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ನನ್ನ ಕೈಯೂ ನಡುಗ್ತಿತ್ತು. "ಲೈಸೆನ್ಸ್ ತೆಗೀತಿದೀನಿ ಸಾರ್" ಅಂತ ನಿಧಾನಕ್ಕೆ ಹೇಳಿದ್ಮೇಲೆ ಲಾಠಿ ಇಳೀತು.

ಭಯ ಹತ್ತಿದಾಗ ಎದೆ ಹೊಡ್ಕೊಳ್ಳುತ್ತೆ, ಅಕ್ಕಪಕ್ಕ ಕಾಣಲ್ಲ, ಹೇಳಿದ್ದು ಕಿವಿಗೆ ಬೀಳಲ್ಲ, ಇದು ಯೂನಿಫಾರ್ಮ್ ಹಾಕಿದೋರಿಗೂ ಒಂದೇ ನಮಗೂ ಒಂದೇ. ಅದಕ್ಕೇ ನಾನು ನನ್ನ ಮಕ್ಕಳಿಗೆ ಹೇಳೋದು, ನಿಲ್ಲು ಅಂದ್ರೆ ನಿಲ್ಲು, ಕೈ ಕಾಣೋ ಹಾಗೆ ಇಟ್ಕೋ, ಜೇಬಿಗೆ ಕೈ ಹಾಕೋ ಮುಂಚೆ ಹೇಳು, ಯಾಕೆ ನಿಲ್ಲಿಸಿದ್ರಿ ಅಂತ ಕೇಳೋ ಹಕ್ಕು ನಿನಗಿದೆ ಕೇಳು, ಆದ್ರೆ ವಾದ ಮಾಡೋ ಜಾಗ ಅದಲ್ಲ. ಮಾತು ಕೇಳಿದೆ ಅಂದ್ರೆ ತಪ್ಪು ಒಪ್ಕೊಂಡೆ ಅಂತ ಅಲ್ಲ.

ಆದ್ರೆ ಬುದ್ಧಿಮಾತು ಬರೀ ಜನಕ್ಕೇ ಯಾಕೆ? ಕೈಯಲ್ಲಿ ಅಧಿಕಾರ ಇರೋರು ಮೊದಲು ತಗ್ಗಬೇಕು. ಎದುರಿಗಿರೋರ ಘನತೆಗೆ ಗೌರವ ಕೊಡಿ, ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಬಲ ಉಪಯೋಗಿಸಿ ಅಂತ ವಿಶ್ವಸಂಸ್ಥೆ 1979ರಲ್ಲೇ ಪೊಲೀಸ್ರಿಗಾಗಿ ನೀತಿ ಸಂಹಿತೆ ಮಾಡಿದೆ. ಟಾಮ್ ಟೈಲರ್ ಅನ್ನೋ ಮನಶ್ಶಾಸ್ತ್ರಜ್ಞ 1984ರಲ್ಲಿ ಚಿಕಾಗೋದಲ್ಲಿ 1575 ಜನರನ್ನ ಕೇಳಿ ನೋಡಿದ್ರು, ಜನ ಕಾನೂನಿಗೆ ತಲೆಬಾಗೋದು ಶಿಕ್ಷೆ ಭಯಕ್ಕಿಂತ ಹೆಚ್ಚಾಗಿ ಅಧಿಕಾರದಲ್ಲಿರೋರು ನ್ಯಾಯವಾಗಿ ನಡ್ಕೋತಾರೆ ಅಂತ ಅನಿಸಿದಾಗ ಅಂತ ಗೊತ್ತಾಯ್ತು. ಫೈನ್ ಹಾಕಿದ್ರೂ ಮರ್ಯಾದೆಯಿಂದ ಮಾತಾಡಿಸಿದ್ರೆ ಮನಸ್ಸಲ್ಲಿ ವಿಷ ಉಳಿಯಲ್ಲ, ಬಿಟ್ಟು ಕಳಿಸಿದ್ರೂ ಏಕವಚನದಲ್ಲಿ ಬೈದ್ರೆ ಅದು ವರ್ಷಗಟ್ಟಲೆ ಚುಚ್ಚುತ್ತೆ. 'ನೀವು' ಅನ್ನೋಕೆ ಯಾವ ಬಜೆಟ್ಟೂ ಬೇಡ, ಟ್ರೈನಿಂಗಲ್ಲಿ ಮೊದಲ ದಿನವೇ ಇದನ್ನ ಕಲಿಸಬಹುದು.

ಇನ್ನೊಂದು ಮುಖ್ಯ ವಿಷಯ. ಈಗ ಹೇಳಿದ್ದು ಕೇಳಿ ಆಮೇಲೆ ಕಂಪ್ಲೇಂಟ್ ಕೊಡಿ ಅಂತ ಎಲ್ಲರೂ ಹೇಳ್ತಾರೆ, ಆ 'ಆಮೇಲೆ' ಅನ್ನೋದು ನಿಜವಾಗ್ಲೂ ಇದ್ರೆ ತಾನೇ ಜನ ಆ ಹೊತ್ತಿಗೆ ಬಾಯಿ ಮುಚ್ಕೊಂಡು ಸಹಿಸೋದು? ನಾನು ಮನೆಗೆ ಬಂದು ನಡೆದಿದ್ದೆಲ್ಲ, ನಾನು ದನಿ ಏರಿಸಿದ್ದೂ ಸೇರಿಸಿ, ಬರೆದು ಮೇಲಧಿಕಾರಿಗೆ ಕಳಿಸಿದೆ. ಯಾರಿಗೂ ಶಿಕ್ಷೆ ಕೊಡಿ ಅಂತ ಕೇಳಿರಲಿಲ್ಲ, ಓದಿದೀವಿ ಅಂತ ಒಂದು ಸಾಲು ಬರೀರಿ ಸಾಕು ಅಂದಿದ್ದೆ. ಇವತ್ತಿಗೂ ಅದಕ್ಕೆ ಉತ್ತರ ಬಂದಿಲ್ಲ.

– ನಿಮ್ಮ ಓದುಗ