‘ವಾಕ್ ಮಾಡಿ’ ಅಂದರೆ ಸಾಲದು

ಮಾನ್ಯರೆ,

ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಮಾತ್ರೆಯ ಜತೆ ಸಿಗುವ ಸಲಹೆ ‘ದಿನಾ ವಾಕ್ ಮಾಡಿ’. ಎಷ್ಟು ಹೊತ್ತು, ಎಲ್ಲಿ, ಯಾರ ಜತೆ ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಬ್ರಿಟನ್ನಿನಲ್ಲಿ ವೈದ್ಯರು ಇಂಥವರನ್ನು ‘ಲಿಂಕ್ ವರ್ಕರ್’ ಬಳಿ ಕಳಿಸುತ್ತಾರೆ. ಅವರು ಕುಳಿತು ಮಾತಾಡಿ, ಹತ್ತಿರದ ನಡಿಗೆ ಗುಂಪಿಗೋ ತೋಟದ ಕೆಲಸಕ್ಕೋ ಸೇರಿಸುತ್ತಾರೆ. ಈ ಕೆಲಸಕ್ಕೆ ನಮ್ಮಲ್ಲಿ ಮನೆಮನೆಯನ್ನೂ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. (ಈ ಕೆಲಸವನ್ನೂ ಅವರ ಮೇಲೆ ಪುಕ್ಕಟೆ ಹೇರಬಾರದು, ಅದು ಬೇರೆ ಮಾತು.)

ಚೀಟಿಯಲ್ಲಿ ಹೀಗಿರಲಿ: ವಾರಕ್ಕೆ 5 ದಿನ, 30 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಶುರುವಿಗೆ 10 ನಿಮಿಷವೇ ಸಾಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಟರೆ ಸಕ್ಕರೆ ಕುಸಿದು ಕೈ ನಡುಗಬಹುದು, ಬೆವರಬಹುದು. ಆಗ ತಿನ್ನಲು ಜೇಬಿನಲ್ಲಿ ಮೂರು ಟೀ ಚಮಚ ಸಕ್ಕರೆಯ ಪೊಟ್ಟಣ ಇರಬೇಕು. ಪಾದ ಮರಗಟ್ಟಿದವರಿಗೆ ಹವಾಯಿ ಚಪ್ಪಲಿ ಬೇಡ. ಕಲ್ಲು ಚುಚ್ಚಿದ್ದು ಗೊತ್ತಾಗದೆ ಹುಣ್ಣಾಗುತ್ತದೆ. ಮನೆಗೆ ಬಂದೊಡನೆ ಅಂಗಾಲು ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಕನ್ನಡಿ ಇಟ್ಟು.

ಇಷ್ಟೆಲ್ಲ ಬರೆದರೂ ನಡೆಯುವುದೆಲ್ಲಿ? ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಫುಟ್‌ಪಾತ್‌ನಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿ.ಮೀ. ಮೀರಬಾರದು. ನಮ್ಮವು ಮೊಣಕಾಲೆತ್ತರ, ಪ್ರತಿ ಗೇಟಿನ ಮುಂದೆ ಇಳಿದು ಹತ್ತಬೇಕು, ನಡುವೆ ಟ್ರಾನ್ಸ್‌ಫಾರ್ಮರ್ ಬೇರೆ. ಮಂಡಿನೋವಿನವರು ಸುಮ್ಮನೆ ರಸ್ತೆಗೇ ಇಳಿಯುತ್ತಾರೆ. ಪಾಲಿಕೆಗಳು ಮೊದಲು ಪ್ರತಿ ‘ನಮ್ಮ ಕ್ಲಿನಿಕ್’ ಸುತ್ತಲಿನ 500 ಮೀಟರ್ ಸರಿಪಡಿಸಲಿ.

– ಸಮುದಾಯ ಆರೋಗ್ಯ ಕಾರ್ಯಕರ್ತರು, ಮೈಸೂರು