ಪ್ರೊಟೆಸ್ಟೆಂಟ್ ಸಭೆಯ ಸುದ್ದಿಗೆ 'ಬಲಿಪೂಜೆ' ಎಂಬ ಪದ ಬೇಡ

ಸಂಪಾದಕರಿಗೆ,

ಮಾನ್ಯರೆ,

ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್ ಬಂದಾಗ ಜಿಲ್ಲಾ ಪುಟಗಳಲ್ಲಿ ಮೂಲ್ಕಿ, ಉಡುಪಿ, ಕಾರ್ಕಳ, ಬೆಟಗೇರಿ, ಗುಳೇದಗುಡ್ಡದಂಥ ಊರುಗಳ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಚರ್ಚ್) ಸಭೆಗಳ, ಅಂದರೆ ಊರೂರಿನ ಕ್ರೈಸ್ತ ಸಮುದಾಯಗಳ, ಸುದ್ದಿಗೂ ಜಾಗ ಸಿಗುತ್ತದೆ. ಅದು ಸಂತೋಷದ ಸಂಗತಿ. ಆದರೆ ಒಕ್ಕಣೆ ಮಾತ್ರ ಎಲ್ಲ ಕಡೆಗೂ ಒಂದೇ: ಧರ್ಮಗುರುಗಳು ಬಲಿಪೂಜೆ ಅರ್ಪಿಸಿದರು, ಭಕ್ತರು ಪರಮಪ್ರಸಾದ ಸ್ವೀಕರಿಸಿದರು. ಧರ್ಮಗುರು, ಬಲಿಪೂಜೆ (ಮಾಸ್), ಪರಮಪ್ರಸಾದ (ಅದರಲ್ಲಿ ಕೊಡುವ ಪವಿತ್ರ ರೊಟ್ಟಿ) ಈ ಮೂರೂ ಕಥೋಲಿಕರ ಮಾತುಗಳು. ಅವರ ಇಗರ್ಜಿಯ (ಚರ್ಚಿನ) ಸುದ್ದಿಗೆ ಅವು ಸರಿ. ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಮೂಲದ ಸಭೆಗೆ ಅವನ್ನು ಅಂಟಿಸಿದರೆ 180ಕ್ಕೂ ಹೆಚ್ಚು ವರ್ಷಗಳ ಬೇರೊಂದು ಚರಿತ್ರೆ ಅಳಿಸಿಹೋಗುತ್ತದೆ. ಈ ಪತ್ರ ಅದಕ್ಕಾಗಿ.

ಮೊದಲು 'ಬಲಿಪೂಜೆ'. ಕ್ರಿಸ್ತನು ಶಿಲುಬೆಯ ಮೇಲೆ ಒಂದೇ ಸಾರಿ ತನ್ನನ್ನು ಅರ್ಪಿಸಿದನು, ಆ ಯಜ್ಞ ಅಲ್ಲಿಗೆ ಪೂರ್ಣವಾಯಿತು ಎಂದು ಬೈಬಲಿನಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ ಹೇಳುತ್ತದೆ. ಪ್ರೊಟೆಸ್ಟೆಂಟರ ಇಡೀ ಆರಾಧನೆ ನಿಂತಿರುವುದು ಈ ಮಾತಿನ ಮೇಲೆ. ಕಥೋಲಿಕರೂ ಬಲಿಪೂಜೆಯನ್ನು ಹೊಸ ಬಲಿ ಎನ್ನುವುದಿಲ್ಲ. ಶಿಲುಬೆಯ ಅದೇ ಬಲಿ ಪೀಠದ ಮೇಲೆ ಪ್ರತ್ಯಕ್ಷವಾಗುತ್ತದೆ ಎನ್ನುತ್ತಾರೆ. ಸಿ.ಎಸ್.ಐ. ಸಭೆಯಲ್ಲಿ ಇರುವುದು ಮೇಜು, ಅಲ್ಲಿ ನಡೆಯುವುದು ಕರ್ತನ ಭೋಜನ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ. ಆದ್ದರಿಂದ ಸಾಮಾನ್ಯ ಭಾನುವಾರಕ್ಕೆ 'ಆರಾಧನೆ' ಎಂದೂ ರೊಟ್ಟಿ ಮತ್ತು ದ್ರಾಕ್ಷಾರಸ ಇರುವ ದಿನಕ್ಕೆ 'ಕರ್ತನ ಭೋಜನ ಸಂಸ್ಕಾರ' ಎಂದೂ ಬರೆದರೆ ಸಾಕು. ಸಣ್ಣ ಊರುಗಳ ಹೆಚ್ಚಿನ ಸಭೆಗಳಲ್ಲಿ ಈ ಸಂಸ್ಕಾರ ಪ್ರತಿ ವಾರ ಇರುವುದಿಲ್ಲ, ತಿಂಗಳಿಗೊಮ್ಮೆ ಇರುತ್ತದೆ. ಉಳಿದ ಭಾನುವಾರಗಳಲ್ಲಿ ಸತ್ಯವೇದದ (ಬೈಬಲಿನ) ಪಾಠ, ಗೀತೆ, ಪ್ರಾರ್ಥನೆ, ಪ್ರಸಂಗ, ಅಂದರೆ ವಾಕ್ಯದ ಮೇಲಿನ ಉಪದೇಶ. ಬಾಸೆಲ್ ಪರಂಪರೆಯಲ್ಲಿ ಪ್ರಸಂಗದ ತೂಕ ದೊಡ್ಡದು. ಈ ಸಭೆಗಳ ಹಳೆಯ ದೇವಾಲಯದೊಳಗೆ ಕಾಲಿಟ್ಟು ನೋಡಿ: ವಿಗ್ರಹವಿಲ್ಲ, ಶಿಲುಬೆಯಿದ್ದರೂ ಅದರ ಮೇಲೆ ದೇಹವಿಲ್ಲ, ಕಣ್ಣು ನೇರ ಹೋಗುವುದು ಎತ್ತರದ ಪ್ರಸಂಗಪೀಠಕ್ಕೆ.

ಸಿ.ಎಸ್.ಐ. ಭೋಜನ ಕ್ರಮದಲ್ಲಿ ಒಂದು ಘಳಿಗೆ ಇದೆ. ವರದಿಗಾರರು ಅದನ್ನೊಮ್ಮೆ ಹತ್ತಿರದಿಂದ ನೋಡಬೇಕು. ಕಾಣಿಕೆಗೆ ಮುಂಚೆ ಸಮಾಧಾನ ಹಂಚಿಕೊಳ್ಳುತ್ತಾರೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ. ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಮೇಜಿನ ಬಳಿ ಸಭಾಪಾಲಕರಿಂದ (ಆರಾಧನೆ ನಡೆಸುವ ಪಾಸ್ಟರರಿಂದ) ಹೊರಟ ಈ ಸಮಾಧಾನ ಕೈಯಿಂದ ಕೈಗೆ ದಾಟುತ್ತ ಕೊನೆಯ ಬೆಂಚಿನ ಮುದುಕಿಯವರೆಗೂ ಹೋಗುತ್ತದೆ. ಇದು ಯುರೋಪಿನಿಂದ ಬಂದದ್ದಲ್ಲ, ಕೇರಳದ ಸುರಿಯಾನಿ ಕ್ರೈಸ್ತರಿಂದ ಪಡೆದದ್ದು. 1950ರ ಸಿ.ಎಸ್.ಐ. ಆರಾಧನಾ ಕ್ರಮ ಇದನ್ನು ಸೇರಿಸಿಕೊಂಡಿತು, ಸಭಾಪಾಲಕರು ಮೇಜಿನ ಹಿಂದೆ ನಿಂತು ಜನರಿಗೆ ಮುಖಮಾಡುವುದನ್ನೂ ತಂದಿತು. ಬೆರಳೆಣಿಕೆಯ ಮನೆಗಳಿರುವ ಸಭೆಯಲ್ಲಿ ಈ ಕೈಗಳ ನಡುವೆ ಹಳೆಯ ಜಗಳಗಳೂ ಇರುತ್ತವೆ. ಮಾತು ಬಿಟ್ಟವರು ಆ ಹೊತ್ತಿಗೆ ಕೈ ಕೊಡಲೇಬೇಕು. ಛಾಯಾಗ್ರಾಹಕರು ಸರಿಯಾಗಿ ಆಗಲೇ ಫ್ಲ್ಯಾಶ್ ಹಾಕುತ್ತ ಬೆಂಚುಗಳ ನಡುವೆ ಬಂದುಬಿಡುತ್ತಾರೆ. ಚಿತ್ರ ಬೇಕಿದ್ದರೆ ಮೊದಲೇ ಸಭಾಪಾಲಕರನ್ನು ಕೇಳಿ, ಕಾಣಿಕೆಯ ಗೀತೆಯ ಹೊತ್ತಿಗೆ ತೆಗೆಯುವುದು ಒಳ್ಳೆಯದು.

'ಧರ್ಮಗುರು', 'ಫಾದರ್' ಎಂಬ ಪದಗಳೂ ಹೀಗೆಯೇ. ಸರಿಯಾದ ಪದ ಸಭಾಪಾಲಕರು. ಅವರಿಗೆ ಬ್ರಹ್ಮಚರ್ಯದ ಕಟ್ಟುಪಾಡಿಲ್ಲ. ಹೆಚ್ಚಿನವರು ಸಂಸಾರಸ್ಥರು, ಹೆಂಡತಿ ಮಕ್ಕಳೊಂದಿಗೆ ಚರ್ಚ್ ಕಾಂಪೌಂಡಿನ ಮನೆಯಲ್ಲಿ ಇರುತ್ತಾರೆ. ಸಿ.ಎಸ್.ಐ.ನಲ್ಲಿ ಹೆಣ್ಣುಮಕ್ಕಳಿಗೂ ಅಭಿಷೇಕವಿದೆ, ಅಂದರೆ ಅವರೂ ಸಭಾಪಾಲಕರಾಗಬಹುದು. 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ (ಬಿಷಪ್ಪರ ಆಡಳಿತ ಪ್ರಾಂತಕ್ಕೆ) ಮಹಿಳೆಯೊಬ್ಬರು ಬಿಷಪ್ ಆದರು. ಎರಡು ಕಡೆಯೂ ಬಿಷಪ್ ಇರುವುದರಿಂದ ಗೊಂದಲವಾಗುವುದು ಸಹಜ. ಆದರೆ ಸಿ.ಎಸ್.ಐ. ಬಿಷಪ್ಪರು ಪೋಪರ ಅಧೀನದಲ್ಲಿಲ್ಲ. ಅವರ ಮೇಲಿರುವುದು ಸಿನೊಡ್ ಎಂಬ ಪ್ರತಿನಿಧಿ ಮಂಡಳಿ. ಊರಿನ ಸಭೆಯ ಲೆಕ್ಕಪತ್ರ, ದುರಸ್ತಿ, ಹಬ್ಬದ ಖರ್ಚನ್ನು ಸದಸ್ಯರೇ ಆರಿಸಿದ ಕಮಿಟಿ ನೋಡಿಕೊಳ್ಳುತ್ತದೆ. ಸಭೆಯ ಹಣಕಾಸಿನ ಸುದ್ದಿ ಬರೆಯುವಾಗ ಸಭಾಪಾಲಕರ ಹೇಳಿಕೆಯೊಂದನ್ನೇ ಪಡೆದರೆ ಸಾಲದು. ಕಮಿಟಿಯ ಕಾರ್ಯದರ್ಶಿ ಮತ್ತು ಖಜಾಂಚಿಯನ್ನೂ ಕೇಳಬೇಕು.

'ಪ್ರೊಟೆಸ್ಟೆಂಟರು ಯೇಸುವಿನ ತಾಯಿ ಮರಿಯಳನ್ನು ಒಪ್ಪುವುದಿಲ್ಲ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ತಪ್ಪು. ನಂಬಿಕೆಯನ್ನು ಸಾರಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಕನ್ಯೆ ಮರಿಯಳ ಹೆಸರಿದೆ. ಲೂಕನ ಸುವಾರ್ತೆಯ 1ನೇ ಅಧ್ಯಾಯದ ಅವಳ ಹಾಡು ಆರಾಧನೆಯಲ್ಲೂ ಇದೆ. ಅವಳಿಗಾಗಲಿ ಸಂತರಿಗಾಗಲಿ ಪ್ರಾರ್ಥನೆ ಸಲ್ಲಿಸುವುದಿಲ್ಲ, ಅಷ್ಟೇ. ಸಂಸ್ಕಾರಗಳೂ ಕಥೋಲಿಕರಲ್ಲಿರುವಂತೆ ಏಳಲ್ಲ, ಎರಡು: ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸುವ ವಿಧಿ) ಮತ್ತು ಕರ್ತನ ಭೋಜನ. ಸಾಮಾನ್ಯವಾಗಿ ಶಿಶುವಿಗೇ ದೀಕ್ಷಾಸ್ನಾನ ಆಗುತ್ತದೆ. ಮಗುವಿನ ಪರವಾಗಿ ತಂದೆ ತಾಯಿ ಮಾತು ಕೊಡುತ್ತಾರೆ. ಹದಿವಯಸ್ಸಿಗೆ ಬಂದಾಗ ಮಕ್ಕಳು ದಶಾಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ ಕಲಿತು ಆ ಮಾತನ್ನು ಸಭೆಯ ಮುಂದೆ ತಾವೇ ಹೇಳಬೇಕು. ಇದು ದೃಢೀಕರಣ. ಇದನ್ನು ಎರಡನೇ ದೀಕ್ಷಾಸ್ನಾನ ಎಂದು ಬರೆಯಬಾರದು. ದೀಕ್ಷಾಸ್ನಾನ ಒಬ್ಬರಿಗೆ ಒಂದೇ ಸಲ.

ಇನ್ನು ಚರಿತ್ರೆ. ಈ ಸಭೆಗಳನ್ನು ಬ್ರಿಟಿಷರು ಕಟ್ಟಿದರು ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು, ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆಯಿತು. ಮರು ವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1845ರಲ್ಲಿ ಮೂಲ್ಕಿ, 1851ರಲ್ಲಿ ಗುಳೇದಗುಡ್ಡ, 1854ರಲ್ಲಿ ಉಡುಪಿ. ಬಳ್ಳಾರಿಯದು ಲಂಡನ್ ಮಿಷನ್, ಮೈಸೂರು, ತುಮಕೂರು ಕಡೆಯದು ವೆಸ್ಲಿಯನ್ ಮಿಷನ್. ಇವೆಲ್ಲ ಇಂದು ಸಿ.ಎಸ್.ಐ. ಹೆಸರಿನಲ್ಲಿ ಇದ್ದರೂ ಒಂದೊಂದರ ತಾಯಿಬೇರು ಬೇರೆ. ಸಿ.ಎಸ್.ಐ. ಆಂಗ್ಲಿಕನ್ನರ ಇನ್ನೊಂದು ಹೆಸರೂ ಅಲ್ಲ. ದೇಶ ಸ್ವತಂತ್ರವಾಗಿ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಆದ ಸಭೆ ಅದು.

ಮೂಲ್ಕಿಯನ್ನೇ ತೆಗೆದುಕೊಳ್ಳಿ. ಕರಾವಳಿಯ ಈ ಸಭೆಗಳಿಗೆ ಮೊದಲು ಬಂದವರಲ್ಲಿ ಬಿಲ್ಲವರು ಹೆಚ್ಚು. ಮನೆಯ ಮಾತು ತುಳು, ಆರಾಧನೆಯ ಮಾತು ಕನ್ನಡ, ತುಳುವಿನಲ್ಲೂ ಹಾಡುಂಟು. ಬಾಸೆಲ್ ಮಿಷನರಿ ಯಾಕೋಬ್ ಅಮ್ಮನ್ನರ ತುಳು ಹೊಸ ಒಡಂಬಡಿಕೆ 1847ರಲ್ಲೇ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಕಥೋಲಿಕರ ಮನೆಗಳಲ್ಲಿ ಕೊಂಕಣಿ, ಡಿಸೋಜ, ಪಿಂಟೊ ಎಂಬ ಹೆಸರುಗಳಿದ್ದರೆ ಇಲ್ಲಿ ಅಂಚನ್, ಬಂಗೇರ, ಕರ್ಕಡ, ಸೋನ್ಸ್, ಸಾಲಿನ್ಸ್ ಕಾಣುತ್ತವೆ. ಹೆಸರಿನ ಕೊನೆ ನೋಡಿ ಧರ್ಮ ಊಹಿಸುವ ವರದಿಗಾರರು ಇಲ್ಲಿ ಎಡವುತ್ತಾರೆ.

ಸಭೆಗೆ ಸೇರಿದವರಿಗೆ ಶೇಂದಿಯ ಕಸುಬು ಬಿಡಬೇಕಾಗಿತ್ತು. ಕುಟುಂಬದ ಮನೆ, ಗೇಣಿಯ ಗದ್ದೆ ಕೈತಪ್ಪುವುದೂ ಇತ್ತು. ನೇಯ್ಗೆ, ಹೆಂಚಿನ ಕಾರ್ಖಾನೆ ಹುಟ್ಟಿದ್ದು ಇಂಥ ಜನರ ಹೊಟ್ಟೆಪಾಡಿಗಾಗಿ, ಅಚ್ಚುಕೂಟವೂ ಅವರಿಗೆ ಕೆಲಸ ಕೊಟ್ಟಿತು. ಮಂಗಳೂರಿನ ಮುದ್ರಣ 1841ರದು, ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪಿನಲ್ಲಿ ತೆರೆದ ಹೆಂಚಿನ ಕಾರ್ಖಾನೆ 1865ರದು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಾಸೆಲ್ ಮಿಷನರಿ ಮೋಗ್ಲಿಂಗರ ಕೈಯಲ್ಲಿ ಹೊರಟಿತು. ಕನ್ನಡ ಪತ್ರಕರ್ತರ ಹಬ್ಬ ಜುಲೈ 1ರಂದು ಬರುವುದು ಅದರಿಂದಲೇ. 1914ರ ಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿದರು, ಕಾರ್ಖಾನೆಗಳು ಪರರ ಕೈ ಸೇರಿದವು. ಆ ಹೊತ್ತಿಗೆ ಸಭೆಗಳನ್ನು ಎತ್ತಿಹಿಡಿದವರು ಊರಿನ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮೇಷ್ಟರು. ಸ್ಥಳೀಯ ಸಭಾಪಾಲಕರ ಪರಂಪರೆ ಅದಕ್ಕೂ ಹಿಂದಿನದು: 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಅಭಿಷೇಕ ಹೊಂದಿ ಮರಳಿದವರು. ಶತಮಾನೋತ್ಸವದ ಸುದ್ದಿಗಳಲ್ಲಿ ಮಿಷನರಿಗಳ ಹೆಸರು ಮಾತ್ರ ಬಂದು ಇವರು ಬಿಟ್ಟುಹೋಗುವುದು ನೋವಿನ ವಿಷಯ.

ಶತಮಾನೋತ್ಸವದ ವರ್ಷ ಹಾಕುವಾಗ ಇನ್ನೊಂದು ತಪ್ಪು ನಡೆಯುತ್ತದೆ. ಒಂದು ಊರಿಗೆ ಮಿಷನ್ ಬಂದ ವರ್ಷ, ಮೊದಲ ದೀಕ್ಷಾಸ್ನಾನದ ವರ್ಷ, ಈಗ ನಿಂತಿರುವ ಕಟ್ಟಡದ ಪ್ರತಿಷ್ಠೆಯ ವರ್ಷ, ಈ ಮೂರೂ ಬೇರೆ ಬೇರೆ. ಗೋಡೆಯ ಕಲ್ಲಿನ ವರ್ಷ ಸಾಮಾನ್ಯವಾಗಿ ಕಟ್ಟಡದ್ದು. ಮೊದಲ ದೀಕ್ಷಾಸ್ನಾನದ ವರ್ಷ ಸಭೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಸಿಗಬೇಕು. ಕರಾವಳಿಯ ಮಳೆಗೂ ಗೆದ್ದಲಿಗೂ ಸಿಕ್ಕಿ ಇಂಥ ಪುಸ್ತಕಗಳು ಹಾಳಾಗುತ್ತವೆ. ಹಳೆಯ ಶಾಯಿ ಕಾಗದವನ್ನೇ ತಿನ್ನುವುದರಿಂದ ಅಕ್ಷರವಿದ್ದ ಕಡೆಯೇ ತೂತು ಬೀಳುತ್ತದೆ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು, ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಸಭಾ ಕಮಿಟಿಗಳು ಪುಟ ಪುಟವನ್ನೂ ಬೇಸಿಗೆಯಲ್ಲೇ ಫೋಟೊ ತೆಗೆಸಿ ಎರಡು ಪ್ರತಿ ಇಡಬೇಕು, ಒಂದನ್ನು ಊರಿನ ಹೊರಗೆ.

ಕೊಯ್ಲಿನ ಹಬ್ಬದ ಬಗ್ಗೆಯೂ ಒಂದು ಮಾತು. ತೆಂಗಿನಕಾಯಿ, ಬಾಳೆಗೊನೆ, ಅಕ್ಕಿ, ಕುಂಬಳ, ಊರಕೋಳಿ, ಮನೆಯ ಕೇಕ್ ಎಲ್ಲ ಮೇಜಿನ ಮುಂದೆ ತುಂಬುತ್ತದೆ. ಆರಾಧನೆ ಮುಗಿದ ಮೇಲೆ ಹೊರಗೆ ಹರಾಜು. ಒಬ್ಬರು ಕೊಂಡ ಗೊನೆಯನ್ನು ಅಲ್ಲೇ ಮರಳಿಸಿ, ಅದು ಎರಡು ಮೂರು ಸಲ ಹರಾಜಾಗುವುದುಂಟು. ಹಣ ಸಭೆಗೆ. ಇದನ್ನು 'ಪ್ರಸಾದದ ಹರಾಜು' ಎಂದು ಬರೆಯಬಾರದು. ಬೆಳೆದದ್ದರ ಮೊದಲ ಪಾಲನ್ನು ಕೃತಜ್ಞತೆಯಿಂದ ದೇವರಿಗೆ ಕೊಡುವ ಕಾಣಿಕೆ ಅದು.

ಹಬ್ಬದ ಮುನ್ನಾದಿನ ವರದಿಗಾರರು ಸಭಾಪಾಲಕರಿಗೊಂದು ಫೋನ್ ಮಾಡಿ ನಾಲ್ಕು ವಿಷಯ ಕೇಳಿಕೊಳ್ಳಲಿ: ಆರಾಧನೆ ಎಷ್ಟು ಗಂಟೆಗೆ, ಕರ್ತನ ಭೋಜನ ಇದೆಯೇ, ಪ್ರಸಂಗ ಯಾರದು, ಆಧಾರ ವಾಕ್ಯ ಯಾವುದು. ಡೆಸ್ಕಿನಲ್ಲಿ ಆರಾಧನೆ, ಸಭಾಪಾಲಕರು, ಕರ್ತನ ಭೋಜನ, ದೃಢೀಕರಣ ಎಂಬ ಪದಗಳ ಚೀಟಿಯೊಂದು ಅಂಟಿಸಿದ್ದರೆ ಮುಂದಿನ ಕ್ರಿಸ್ಮಸ್ಸಿಗೆ ಸುದ್ದಿ ಸರಿಯಾಗಿ ಬಂದೀತು.

— ಸಭೆಯ ಸದಸ್ಯರು, ಮೂಲ್ಕಿ